ನೆರಳು, ದನಿ, ಶಂಕೆ

ಒಳ್ಳೆಯ ಪತ್ತೇದಾರಿ ಚಿತ್ರವೊಂದರ ಮೊದಲ ಐದು ನಿಮಿಷಗಳಲ್ಲಿ ಎಷ್ಟೋ ವೇಳೆ ಏನೂ ನಡೆಯುವುದಿಲ್ಲ. ಒಂದು ಮಂದವಾದ ದೀಪ, ಒಂದು ಮುಚ್ಚಿದ ಬಾಗಿಲು, ಎಲ್ಲಿಂದಲೋ ಕೇಳಿಬರುವ ಹೆಜ್ಜೆಯ ಸಪ್ಪಳ, ಇಷ್ಟೆ. ಆದರೂ ನೋಡುವವರ ಎದೆ ಡವಗುಟ್ಟತೊಡಗುತ್ತದೆ. ಈ ವಿದ್ಯೆ ಯಂತ್ರದೊಡನೆ ಪಶ್ಚಿಮದಿಂದ ಬಂದಿತೆಂದು ಹಲವರ ಎಣಿಕೆ. ಯಂತ್ರ ಅಲ್ಲಿಂದ ಬಂದದ್ದು ದಿಟ. ವಿದ್ಯೆಯಾದರೋ ತುಂಗಭದ್ರೆಯ ದಡದವರಿಗೆ ಹಳೆಯದು.

ಭರತಮುನಿ ಭಯಾನಕ ರಸದ ಕಾರಣಗಳನ್ನು ಎಣಿಸುವಾಗ ಮೊದಲು ಹೇಳುವುದು ವಿಕೃತವಾದ ದನಿಯನ್ನು. ಆಮೇಲೆ ನರಿ, ಗೂಬೆ, ಪಾಳುಮನೆ, ಅಡವಿ ಮುಂತಾದವು ಬರುತ್ತವೆ. ಈ ರಸದ ಸಂಚಾರಿಭಾವಗಳಲ್ಲಿ ಶಂಕೆಯೂ ಒಂದು. ಶಂಕೆಯಿಲ್ಲದ ಭಯ ಬರಿಯ ಬೆಚ್ಚುವಿಕೆ. ಕ್ಷಣದಲ್ಲಿ ಬಂದು ಕ್ಷಣದಲ್ಲಿ ಹೋಗುತ್ತದೆ. ಶಂಕೆಯೊಡನೆ ಬಂದ ಭಯ ಮಾತ್ರ ಕಥೆಯ ಕೊನೆಯವರೆಗೆ ನಿಲ್ಲಬಲ್ಲದು.

ನಮ್ಮ ಹಂಪೆ ಆನೆಗೊಂದಿಗಳ ಬೆಟ್ಟಸಾಲನ್ನು ಜನ ಕಿಷ್ಕಿಂಧೆಯೆಂದು ನಂಬಿಕೊಂಡು ಬಂದಿದ್ದಾರೆ. ಕಿಷ್ಕಿಂಧಾಕಾಂಡ ಮೊದಲಾಗುವುದು ಹೇಗೆ? ಋಷ್ಯಮೂಕದ ಮೇಲಿಂದ ಸುಗ್ರೀವ ಬಿಲ್ಲು ಹಿಡಿದ ಇಬ್ಬರು ಅಪರಿಚಿತರನ್ನು ಕಾಣುತ್ತಾನೆ. ವಾಲಿಯ ಕಡೆಯವರೇ ಇರಬೇಕೆಂದು ನಡುಗುತ್ತಾನೆ. ಬಂದವರು ಯಾರೆಂದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮುಂದೆ ಅವನೇ ಹೇಳುವ ಬಿಲದ ಕಥೆ ಇನ್ನೂ ಸೊಗಸಿನದು. ಅಣ್ಣನೂ ರಾಕ್ಷಸನೂ ಒಳಗೆ ಹೊಕ್ಕಿದ್ದಾರೆ. ಇವನು ಬಾಯಲ್ಲಿ ಕಾದಿದ್ದಾನೆ. ವರುಷ ಕಳೆದ ಮೇಲೆ ನೊರೆಗೂಡಿದ ನೆತ್ತರು ಹರಿದುಬರುತ್ತದೆ, ರಾಕ್ಷಸರ ಗರ್ಜನೆ ಕೇಳುತ್ತದೆ, ಅಣ್ಣನ ದನಿ ಕೇಳುವುದಿಲ್ಲ. ಕಾದಾಟ ಮಾತ್ರ ಕಣ್ಣಿಗೆ ಬೀಳದು.

ಇಂಥ ಕಥೆಗಳನ್ನೇ ಬಳ್ಳಾರಿ ಸೀಮೆಯ ಕಿಳ್ಳೇಕ್ಯಾತರು ತೊಗಲುಬೊಂಬೆಗಳಲ್ಲಿ ಆಡಿಸಿದರು. ಹದಮಾಡಿ ಬಣ್ಣ ಹಾಕಿದ ತೊಗಲು, ಒಂದು ಬಿಳಿಯ ಪರದೆ, ಅದರ ಹಿಂದೆ ಎಣ್ಣೆಯ ದೀಪ. ಬೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆಗೆರೆಯೂ ಸ್ಪಷ್ಟ. ದೀಪದತ್ತ ಸರಿಸಿದರೆ ನೆರಳು ಬೆಳೆದು, ಅಂಚು ಮಸಕಾಗಿ, ಬರುತ್ತಿರುವವನು ಯಾರೆಂದೇ ತಿಳಿಯದು. ಕ್ಯಾಮರಾದವರು ಮಸೂರ ತಿರುಗಿಸಿ ಸಾಧಿಸುವುದನ್ನು ಇವರು ಮೊಣಕೈಯ ಚಲನೆಯಿಂದ ಸಾಧಿಸಿದರು. ಮಳೆ ಹೋದ ವರುಷ ಬೊಂಬೆಯಾಡಿಸಿದರೆ ಮಳೆ ಬರುವುದೆಂಬ ನಂಬಿಕೆ ಬಯಲುಸೀಮೆಯಲ್ಲಿತ್ತು. ಕತ್ತಲಲ್ಲಿ ಕುಳಿತು ಬೆಳಕಿನ ಪರದೆಯನ್ನು ನೋಡುವುದು ಹೊಸಪೇಟೆ, ಕಂಪ್ಲಿ, ಸಂಡೂರಿನ ಕಡೆಯವರಿಗೆ ಹೊಸತೇನೂ ಆಗಿರಲಿಲ್ಲ.

ಕ್ಯಾಮರಾದ ಮೂಲತತ್ವವೂ ಇಲ್ಲಿಯೇ ಕಾಣಸಿಗುತ್ತದೆ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲ ಕೋಣೆಯಲ್ಲಿ, ಸಣ್ಣ ಕಿಂಡಿಯಿಂದ ಬಂದ ಬೆಳಕು ಪೂರ್ವದ ಮಹಾಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಛಾಯಾಚಿತ್ರಗಳನ್ನು ತೆಗೆದಾಗ ಅವನ ಪೆಟ್ಟಿಗೆಯೊಳಗೂ ನಡೆದದ್ದು ಇದೇ.

ಈಗ ಚಲಚ್ಚಿತ್ರಕ್ಕೆ ಬರೋಣ. ಜರ್ಮನಿಯ ಫ್ರಿಟ್ಸ್ ಲಾಂಗ್ 1931ರಲ್ಲಿ 'ಎಂ' ಎಂಬ ಚಿತ್ರ ಮಾಡಿದ. ಮೊದಲಿಗೆ ಮಕ್ಕಳು ಕೊಲೆಗಾರನ ಹಾಡು ಹೇಳಿ ಆಡುತ್ತಾರೆ. ತಾಯಿಯೊಬ್ಬಳು ಮಗಳಿಗಾಗಿ ಊಟ ಅಣಿಮಾಡುತ್ತಾಳೆ. ಹುಡುಗಿ ಚೆಂಡು ಪುಟಿಸುತ್ತಿದ್ದ ಭಿತ್ತಿಪತ್ರದ ಮೇಲೆ ಒಂದು ನೆರಳು ಬೀಳುತ್ತದೆ. ಆಮೇಲೆ ತಾಯಿಯ ಕೂಗು, ಬರಿದಾದ ಮೆಟ್ಟಿಲು, ಬರಿದಾದ ತಟ್ಟೆ, ಉರುಳಿ ನಿಂತ ಚೆಂಡು, ತಂತಿಗೆ ಸಿಕ್ಕಿದ ಬೆಲೂನು. ಕೊಲೆಯನ್ನು ತೋರಿಸುವುದೇ ಇಲ್ಲ. ಬಿಲದ ಬಾಯಲ್ಲಿ ಸುಗ್ರೀವನಿಗೆ ಆದದ್ದೇ ಇಲ್ಲಿ ನಮಗಾಗುತ್ತದೆ. 1960ರ ಹಿಚ್‌ಕಾಕರ 'ಸೈಕೋ' ಚಿತ್ರದಲ್ಲಿ, ಹೆಸರುಗಳು ಬರುವಾಗಲೇ ತಂತಿವಾದ್ಯಗಳ ಕರ್ಕಶ ನಾದ ಶಂಕೆ ಹುಟ್ಟಿಸುತ್ತದೆ. ಭರತನ ವಿಕೃತರವಕ್ಕೆ ಬೇರೆ ನಿದರ್ಶನ ಬೇಡ. 1934ರ 'ಸತಿ ಸುಲೋಚನ'ದಿಂದ ಮಾತು ಕಲಿತ ಕನ್ನಡ ಚಿತ್ರ 1968ರಲ್ಲಿ ದೊರೈ-ಭಗವಾನರ 'ಜೇಡರ ಬಲೆ'ಯನ್ನೂ, 1978ರಲ್ಲಿ ಕಾಶೀನಾಥರ 'ಅಪರಿಚಿತ'ವನ್ನೂ ಕಂಡಿತು.

ಇತ್ತ ಟೂರಿಂಗ್ ಟಾಕೀಸಿನ ಡೇರೆ ಹಳ್ಳಿಗೆ ಬಂದಂತೆ ಬೊಂಬೆಯವರ ದೀಪ ಮಂಕಾಯಿತು. ಒಂದೇ ವಿದ್ಯೆಯ ಕಿರಿಯ ಕವಲು ಹಿರಿಯದನ್ನು ಮರೆಸಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೂ ತೊಗಲಿನಲ್ಲಿ ಆಡಿಸಿ ತೋರಿಸಿದರು, 2023ರಲ್ಲಿ ತೀರಿಕೊಂಡರು. ಹೊಳೆಯಾಚೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂದಿತು. ಸಂತೋಷವೇ ಸರಿ. ಆದರೆ ಮಾನ ಸಲ್ಲಬೇಕಾದುದು ಹಿರಿಯರಿಗಷ್ಟೇ ಅಲ್ಲ, ಅವರ ಕೈಯಿಂದ ಕೋಲು ಇಸಿದುಕೊಳ್ಳುವ ಕಿರಿಯರಿಗೂ. ಊರ ಜಾತ್ರೆಯಲ್ಲಿ ಒಂದು ರಾತ್ರಿ ಬೊಂಬೆಯಾಟಕ್ಕೆ ಮೀಸಲಿಟ್ಟರೆ ಆ ಕಿರಿಯರು ಉಳಿದಾರು. ಇಲ್ಲದಿದ್ದರೆ ಬೊಂಬೆ ವಸ್ತುಸಂಗ್ರಹಾಲಯದಲ್ಲಿ ಉಳಿದೀತು, ಮೊಣಕೈಯ ವಿದ್ಯೆ ಉಳಿಯಲಾರದು.