ಹೊಸಪೇಟೆ ಸೀಮೆಯ ಪಟ್ಟಣಗಳಲ್ಲಿ ನೀರು, ಚರಂಡಿ ಮತ್ತು ನೈರ್ಮಲ್ಯ ಬೋಧನೆ: ಒಂದು ಚಾರಿತ್ರಿಕ ಅವಲೋಕನ

ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿ ಮತ್ತು ಕಂಪ್ಲಿ, ಅವುಗಳ ದಕ್ಷಿಣಕ್ಕೆ ಬೆಟ್ಟಸಾಲಿನ ನಡುವೆ ಇರುವ ಸಂಡೂರು, ಇವು ಪರಸ್ಪರ ಸಮೀಪದ ನೆಲೆಗಳು. ಇವುಗಳ ರಾಜಕೀಯ ಚರಿತ್ರೆ, ದೇವಾಲಯ ಹಾಗೂ ಶಾಸನಗಳ ಕುರಿತು ವಿಪುಲವಾದ ಅಧ್ಯಯನಗಳು ನಡೆದಿವೆ. ಆದರೆ ಈ ಊರುಗಳ ಬಡವರು ಕುಡಿದ ನೀರು, ಅವರ ಕೇರಿಯ ಚರಂಡಿ, ಅವರಿಗೆ ಕಾಲಕಾಲಕ್ಕೆ ಹೇಳಲಾದ ಶುಚಿತ್ವದ ಪಾಠ ಇವು ಚರಿತ್ರಕಾರರ ಗಮನ ಸೆಳೆದದ್ದು ಕಡಿಮೆ. ನೀರಿನ ವ್ಯವಸ್ಥೆ ಮತ್ತು ನೈರ್ಮಲ್ಯದ ಬೋಧನೆ ಇಲ್ಲಿ ಬೇರೆ ಬೇರೆ ಜನರನ್ನು ತಲುಪುತ್ತ ಬಂದಿವೆ. ಮೊದಲನೆಯದು ಅಧಿಕಾರದ ಸಮೀಪದಲ್ಲಿದ್ದವರಿಗೆ ದೊರೆಯಿತು. ಎರಡನೆಯದು ಉಳಿದವರ ಪಾಲಿಗೆ ಬಂದಿತು.

ಕ್ರಿ.ಶ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ನಯವಾಗಿ ಕಡೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಬೆರಗಿನಿಂದ ದಾಖಲಿಸಿದ್ದಾನೆ. ಅರಮನೆಯ ಆವರಣದ ಕಲ್ಲಿನ ತೂಬುಗಾಲುವೆ, ಮೆಟ್ಟಿಲುಕೊಳ ಮತ್ತು ಸುಟ್ಟ ಮಣ್ಣಿನ ಕೊಳವೆಗಳು ಉತ್ಖನನದಲ್ಲಿ ಬೆಳಕಿಗೆ ಬಂದು ಅವನ ಮಾತನ್ನು ಸಮರ್ಥಿಸಿವೆ. ಕೃಷ್ಣದೇವರಾಯನು ನಾಗಲಾಪುರವೆಂಬ ಹೆಸರಿನಲ್ಲಿ ಕಟ್ಟಿಸಿದ ಹೊಸ ಪಟ್ಟಣವೇ ಇಂದಿನ ಹೊಸಪೇಟೆ. ಅದರ ನೀರಿಗಾಗಿ ಕಟ್ಟಿಸಿದ ದೊಡ್ಡ ಕೆರೆಯ ಏರಿ ಮತ್ತೆ ಮತ್ತೆ ಒಡೆದುದನ್ನು, ಅದಕ್ಕೆ ಪೋರ್ಚುಗೀಸ್ ಕಲ್ಲುಕುಟಿಗನೊಬ್ಬನ ನೆರವು ಪಡೆದುದನ್ನು ಪೇಸ್ ಮತ್ತು ನೂನಿಜ್‌ರ ಬರಹಗಳಿಂದ ತಿಳಿಯಬಹುದು. ರಾಯ, ಬಸವಣ್ಣ, ತುರ್ತು, ಕಂಪ್ಲಿ ಮೊದಲಾದ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಐದು ಶತಮಾನ ಬಾಳಿದ ಈ ನಿರ್ಮಾಣಗಳ ಮುಂದೆ ನಂತರದ ಕಾಲದ ಎಷ್ಟೋ ಕೊಳವೆಮಾರ್ಗಗಳು ಸಪ್ಪೆಯೆನಿಸುತ್ತವೆ. ಆದರೂ ಅವುಗಳ ಉದ್ದೇಶ ಗದ್ದೆ, ಗುಡಿ ಮತ್ತು ಅರಮನೆ. ದಾನದತ್ತಿಗಳನ್ನು ವಿವರವಾಗಿ ಹೇಳುವ ಶಾಸನಗಳಲ್ಲಿ ಕೂಲಿಕಾರರ ಕೇರಿಯ ಕೊಳಚೆ ಎಲ್ಲಿ ಹರಿಯಿತೆಂಬ ಪ್ರಶ್ನೆಗೆ ಎಡೆಯಿಲ್ಲ.

1800ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ವಶವಾದ ಮೇಲೆ ಆರೋಗ್ಯವು ಆಡಳಿತದ ವಿಷಯವಾಯಿತು. ಅದರ ಮೊದಲ ಫಲಾನುಭವಿಗಳು ಯಾರೆಂಬುದಕ್ಕೆ ಸಂಡೂರು ಸಂಸ್ಥಾನದ ರಾಮನದುರ್ಗವೇ ಸಾಕ್ಷಿ. ಬಳ್ಳಾರಿಯ ದಂಡಿನಲ್ಲಿದ್ದ ಐರೋಪ್ಯ ಸೈನಿಕರ ಆರೋಗ್ಯಧಾಮಕ್ಕಾಗಿ 1846ರಲ್ಲಿ ಈ ತಂಪಾದ ಬೆಟ್ಟವನ್ನು ಆರಿಸಲಾಯಿತು. ಬಯಲಿನ ಪಟ್ಟಣಗಳ ಜನಕ್ಕೆ ಸರ್ಕಾರದ ನೈರ್ಮಲ್ಯ ಎದುರಾದದ್ದು ಸಾಂಕ್ರಾಮಿಕದ ಭೀತಿಯಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ಈ ಸೀಮೆಯನ್ನು ಮುಟ್ಟಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದೇ ಆ ಕಾಲದ ಮುಖ್ಯ ಉಪಾಯವಾಗಿತ್ತು. ದಿನಗೂಲಿಯವನಿಗೆ ಮನೆ ತೊರೆಯುವುದೆಂದರೆ ದುಡಿಮೆಯನ್ನೂ ತೊರೆಯುವುದಾಗಿತ್ತು. ಆದ್ದರಿಂದ ಪ್ಲೇಗು ಅಧಿಕಾರಿಗಳಿಂದ ಜನ ತಪ್ಪಿಸಿಕೊಂಡುದನ್ನು ಕೇವಲ ಅಜ್ಞಾನವೆಂದು ಬಗೆಯುವುದು ಸರಿಯಲ್ಲ.

ನೈರ್ಮಲ್ಯವನ್ನು ಬೋಧಿಸಬೇಕೆಂಬ ವಿಚಾರ ಇಲ್ಲಿ ಬಲಗೊಂಡದ್ದು 1920ರ ದಶಕದಲ್ಲಿ. ಮದರಾಸು ಪ್ರಾಂತದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳ ನೇಮಕವಾಗಿ, ಮ್ಯಾಜಿಕ್ ಲಾಂಟರ್ನ್ ಚಿತ್ರಗಳ ಮೂಲಕ ನೊಣ, ಸೊಳ್ಳೆ, ಕಾಲರಾಗಳ ಕುರಿತ ಉಪನ್ಯಾಸಗಳು ಆರಂಭವಾದವು. 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ ದೇಶದಲ್ಲೇ ಈ ಬಗೆಯ ಮೊದಲ ಸಮಗ್ರ ಶಾಸನ. ಹೊಸಪೇಟೆ, ಕಂಪ್ಲಿಗಳು ಅದರ ವ್ಯಾಪ್ತಿಗೆ ಸೇರಿದ್ದವು. 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದ ಸಂಡೂರು ಸೇರಿರಲಿಲ್ಲ. ಆದರೆ ಸಂಡೂರು ಬೇರೊಂದು ದಿಕ್ಕಿನಲ್ಲಿ ಮುಂದಿತ್ತು. ತಿರುವಾಂಕೂರಿನ 1936ರ ಘೋಷಣೆಗಿಂತ ಮೊದಲೇ ಅಲ್ಲಿನ ಘೋರ್ಪಡೆ ಅರಸರು ಕುಮಾರಸ್ವಾಮಿ ದೇವಾಲಯವನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆದಿದ್ದರು. 1934ರಲ್ಲಿ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ಸಂಡೂರಿಗೆ ಬಂದರು. ಅಸ್ಪೃಶ್ಯತೆಯನ್ನೂ ಮಲ ಹೊರುವ ಕೆಲಸವನ್ನೂ ಒಟ್ಟಿಗೆ ನೋಡಿದ್ದು ಗಾಂಧೀಜಿಯವರ ವಿಶೇಷ. ಲಾಂಟರ್ನ್ ಉಪನ್ಯಾಸಗಳ ಕಣ್ಣು ನೊಣದ ಮೇಲಿತ್ತು. ಮಲದ ಬುಟ್ಟಿಯನ್ನು ಹೊತ್ತವರ ಕಡೆಗೆ ಅದು ಹೊರಳಲಿಲ್ಲ.

1945ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು ಹೊಸಪೇಟೆಯ ಜನಜೀವನವನ್ನೇ ಬದಲಿಸಿತು. ಸುಮಾರು 90 ಹಳ್ಳಿಗಳು ಮುಳುಗಡೆಯಾದವು. ಎಂಜಿನಿಯರುಗಳಿಗೆ ಟಿ.ಬಿ. ಡ್ಯಾಂನಲ್ಲಿ ಯೋಜಿತ ವಸತಿ ಎದ್ದಿತು. ಅಣೆಕಟ್ಟಿನ ಕಲ್ಲು ಹೊತ್ತವರು ಗುಡಿಸಲುಗಳಲ್ಲಿ ಉಳಿದರು. ಅದೇ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿದ್ದೂ ಆ ವರ್ಷವೇ.

ಶುಚಿಗೊಳಿಸುವವರ ಪ್ರಶ್ನೆ ಸರ್ಕಾರಿ ಕಡತವನ್ನು ಸೇರಿದ್ದು ಇನ್ನೆರಡು ದಶಕಗಳ ನಂತರ. 1970ರ ದಶಕದ ಆರಂಭದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. 1976ರ ಐ.ಪಿ.ಡಿ. ಸಾಲಪ್ಪ ವರದಿ ಪ್ರತಿ 500 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕೆಂದಿತು. ಸರ್ಕಾರ ಮುಂದೆ ಒಪ್ಪಿದ ಪ್ರಮಾಣ 700ಕ್ಕೆ ಒಬ್ಬರು. ಈ ವ್ಯತ್ಯಾಸದ ಅರ್ಥವನ್ನು ಹೊಸಪೇಟೆಯ ಲೆಕ್ಕದಲ್ಲೇ ನೋಡಬಹುದು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ 2,06,167. ಸಾಲಪ್ಪ ವರದಿಯಂತೆ 412 ಮಂದಿ ಬೇಕು. ಎರಡನೆಯ ಪ್ರಮಾಣದಂತೆ 295 ಮಂದಿ ಸಾಕು. ಉಳಿದ 117 ಮಂದಿಯ ದುಡಿಮೆ ಬೀದಿಗಿಳಿದವರ ಹೆಗಲಿಗೇರುತ್ತದೆ. ಇಲ್ಲವೇ ಕಸ ಬಿದ್ದಲ್ಲೇ ಉಳಿಯುತ್ತದೆ. ಕಸವುಳಿಯುವ ಬೀದಿ ಸಾಮಾನ್ಯವಾಗಿ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು, ಅವರಲ್ಲೂ ಮಾದಿಗ ಸಮುದಾಯದವರು. ಕೊಳಚೆಯ ಸ್ವಭಾವವನ್ನು ಕೈಯಾರೆ ಬಲ್ಲ ಇವರನ್ನು ನೈರ್ಮಲ್ಯ ಬೋಧನೆ ಕೇಳುಗರ ಸಾಲಿನಲ್ಲಿ ಕೂರಿಸಿತೇ ಹೊರತು ಬೋಧಕರೆಂದು ಕಂಡದ್ದು ವಿರಳ.

2000ದ ನಂತರ ಈ ಪರಿಸರದಲ್ಲಿ ಎರಡು ಒತ್ತಡಗಳು ಕೂಡಿಬಂದವು. ಸಂಡೂರಿನ ಅದಿರಿಗೆ ಬೆಲೆ ಬಂದು ಗಣಿಗಾರಿಕೆ ಉಬ್ಬಿತು. ಲಾರಿಗಳೂ ವಲಸೆ ಕೂಲಿಗಳೂ ಸಂಡೂರು, ಹೊಸಪೇಟೆಗಳನ್ನು ತುಂಬಿದರು. ಇತ್ತ 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿ, 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, ಕಟ್ಟುನಿಟ್ಟಿನ ರಕ್ಷಣೆಗೆ ಒಳಗಾಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಅದೇ ತಿಂಗಳು ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಅವರಿಗೆ ಗೊತ್ತುಪಡಿಸಿದ್ದು ಕಡ್ಡಿರಾಂಪುರದ ನಿವೇಶನ.

ಕೈ ತೊಳೆಯುವ ಕ್ರಮ, ಶೌಚಾಲಯದ ಬಳಕೆ, 2016ರ ನಿಯಮಗಳ ಬಳಿಕ ಹಸಿ ಕಸ ಒಣ ಕಸಗಳ ವಿಂಗಡಣೆ ಇವು ಇಂದಿನ ಪಾಠಗಳು. ಇವುಗಳ ಉಪಯುಕ್ತತೆ ನಿರ್ವಿವಾದ. ಆದರೆ ಒಂದೇ ಕೋಣೆಯ ಮನೆಯಲ್ಲಿ ಎರಡು ಬುಟ್ಟಿಗಳಿಗೆ ಜಾಗ ಬೇಕು, ಗಾಡಿ ನುಗ್ಗದ ಓಣಿಯಿಂದ ಅವನ್ನು ಹೊತ್ತು ತರುವವರು ಬೇಕು, ತೊಳೆಯುವ ಕೈಗೆ ಬೀದಿ ನಲ್ಲಿಯಿಂದ ಕೊಡ ಹೊತ್ತು ತರುವ ಹೆಣ್ಣುಮಗಳು ಬೇಕು. 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಅಸುನೀಗಿದರು. ಕೊಳಚೆ ಸೇರಿದ್ದು ಹಾಳಾದ ಕುಡಿಯುವ ನೀರಿನ ಪೈಪಿನೊಳಗೆ. ವಿಜಯನಗರ ಜಿಲ್ಲೆ ಉದ್ಘಾಟನೆಗೊಂಡದ್ದು ಅದೇ ವರ್ಷದ ಅಕ್ಟೋಬರ್ 2ರಂದು. ಹೊಸಪೇಟೆ, ಹಂಪಿಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ರಾಯ ಕಾಲುವೆ ಮಾತ್ರ ಹಿಂದಿನಂತೆಯೇ ಹೊಸಪೇಟೆಯನ್ನು ಹಾದು, ದಾರಿಯಲ್ಲಿ ಸೇರಿದುದೆಲ್ಲವನ್ನೂ ಹೊತ್ತು ಕಮಲಾಪುರದ ಕೆರೆಗೆ ಹರಿಯುತ್ತಿದೆ.