ಹೆಸರು ಬದಲಾದರೂ ಉಳಿದ ಕಿಟಕಿ

1809ರಲ್ಲಿ ನೆಲೆಗೊಂಡ ಬೆಂಗಳೂರಿನ ದಂಡಿನ ಪುರಸಭೆಯೂ ನಗರದ ಪುರಸಭೆಯೂ 1949ರಲ್ಲಿ ಒಂದಾದವು. ಆದರೂ ಅಲ್ಲಿಯ ರೈಲು ನಿಲ್ದಾಣಕ್ಕೆ ಇಂದಿಗೂ ಕಂಟೋನ್ಮೆಂಟ್ ಎಂಬ ಹೆಸರೇ. ಜನ ಬಳಸಿ ನೆಚ್ಚಿದ ಹೆಸರನ್ನು ಆಡಳಿತದ ಬದಲಾವಣೆ ಅಳಿಸಲಾರದು.

ಗಣಕಯಂತ್ರದ ಚರಿತ್ರೆಯಲ್ಲಿಯೂ ಇಂಥದೊಂದು ಪ್ರಸಂಗವುಂಟು. 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಜೂಲಿಯನ್ ಸ್ಮಾರ್ಟ್ ಅವರು 'ಡಬ್ಲ್ಯುಎಕ್ಸ್‌ವಿಂಡೋಸ್' ಎಂಬ ಸಲಕರಣೆಯನ್ನು ಆರಂಭಿಸಿದರು. ಒಮ್ಮೆ ಬರೆದ ಪ್ರೋಗ್ರಾಂ ವಿಂಡೋಸ್‌ನಲ್ಲಿಯೂ ಯೂನಿಕ್ಸ್ ಯಂತ್ರಗಳ ಎಕ್ಸ್ ವ್ಯವಸ್ಥೆಯಲ್ಲಿಯೂ ನಡೆಯಬೇಕೆಂಬುದು ಅದರ ಉದ್ದೇಶ. ಮೈಕ್ರೋಸಾಫ್ಟ್ ಕೋರಿದ ಮೇಲೆ 2004ರಲ್ಲಿ ಅದು 'ಡಬ್ಲ್ಯುಎಕ್ಸ್‌ವಿಜೆಟ್ಸ್' ಆಯಿತು. ಒಳಗಿನ ಮೂಲವರ್ಗ 'ಡಬ್ಲ್ಯುಎಕ್ಸ್‌ವಿಂಡೋ' ಮಾತ್ರ ಹೆಸರು ಬಿಡಲಿಲ್ಲ.

ಮೂಲವರ್ಗವೆಂದರೆ ವಂಶದ ಮೂಲಪುರುಷ. ಗುಂಡಿ, ಪಟ್ಟಿ, ಚೌಕಟ್ಟುಗಳೆಲ್ಲ ಇದರ ಸಂತತಿ. ತೆರೆಯ ಮೇಲೆ ತಾನಾಗಿ ಕಾಣದೆ ಅವುಗಳ ಜಾಗವನ್ನಷ್ಟೇ ಹೊಂದಿಸುವ 'ಸೈಜರ್' ಈ ವಂಶದ್ದಲ್ಲ. ಕಿಟಕಿಯೊಂದು ಅಳಿಯುವಾಗ ತನ್ನೊಳಗಿನ ಕಿಟಕಿಗಳನ್ನೂ ಅಳಿಸುತ್ತದೆ. ಇಂಥ ನಿಯಮಗಳನ್ನು ಕೈಪಿಡಿಯ ಆ ಒಂದು ಪುಟದಲ್ಲಿ ಸರಿಯಾಗಿ ಬರೆದರೆ ಸಂತತಿಯ ಪುಟಗಳಲ್ಲಿ ಮತ್ತೆ ಬರೆಯಬೇಕಿಲ್ಲ. ಅಲ್ಲಿ ತಪ್ಪಿದರೆ ವಂಶಕ್ಕೆಲ್ಲ ತಪ್ಪು.

ಹೊರಗಿನ ಫಲಕವನ್ನು ಬದಲಿಸಬಹುದು. ಸಾವಿರಾರು ಪ್ರೋಗ್ರಾಂಗಳು ಕರೆಯುವ ಹೆಸರನ್ನು ಬದಲಿಸಿದರೆ ಅವೆಲ್ಲ ನಿಂತುಹೋದಾವು. ಆದುದರಿಂದ ಮೂಲಕ್ಕೆ ಹೆಸರಿಡುವವರೂ ಅದನ್ನು ವಿವರಿಸುವವರೂ ತಮ್ಮ ಕಾಲಕ್ಕಷ್ಟೇ ಅಲ್ಲ, ಮುಂದೆ ಬರುವವರಿಗೂ ಮಾತು ಕೊಡುತ್ತಾರೆ.