ಕೂಗಳತೆಯಾಚೆಗಿನ ಕಾವಲು

ಒಬ್ಬನು ಗಟ್ಟಿಯಾಗಿ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರವನ್ನು ಕನ್ನಡಿಗರು ‘ಕೂಗಳತೆ’ ಎನ್ನುತ್ತಾರೆ. ಮನೆಗಾವಲಿನ ಚರಿತ್ರೆಯನ್ನು ಅಳೆಯಲು ಇದಕ್ಕಿಂತ ತಕ್ಕ ಮಾನವಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಧಾನ್ಯದ ಪಾಲನ್ನೋ ಇನಾಮು ಭೂಮಿಯನ್ನೋ ಪಡೆದು ಊರಿನ ಕೆಲಸ ನಿರ್ವಹಿಸುತ್ತಿದ್ದ ಆಯಗಾರರಲ್ಲಿ, ಕಳ್ಳಕಾಕರ ಸುಳಿವು ಹಿಡಿಯುವುದು ತಳವಾರನ ಹೊಣೆಯಾಗಿದ್ದರೆ ಪೈರಿನ ಕಾವಲು ತೋಟಿಯದಾಗಿತ್ತು. ಅವರ ವಂಶಪಾರಂಪರ್ಯದ ಹಕ್ಕು, 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದಾಗ ಕೊನೆಗೊಂಡಿತು.

ಅಂತಹ ಊರಗಾವಲು ಮರೆಯಾದ ಕಾಲದಲ್ಲಿ, ಬೆಂಗಳೂರಿನ ಕುಂದಲಹಳ್ಳಿಯ ಹೊಲಗಳ ಮೇಲೆ ಬಡಾವಣೆಯಾಗಿ ಎದ್ದ ಬ್ರೂಕ್‌ಫೀಲ್ಡ್, 1994ರಲ್ಲಿ ಭಾರತ–ಸಿಂಗಪುರ ಸಹಯೋಗದಲ್ಲಿ ಆರಂಭಗೊಂಡ ಐಟಿಪಿಎಲ್ ಎಂಬ ತಂತ್ರಜ್ಞಾನ ಉದ್ಯಾನದ ನೆರೆಯಲ್ಲಿ ಬೆಳೆಯಿತು. ಗಂಡಹೆಂಡಿರಿಬ್ಬರೂ ದುಡಿಯುವ, ಹಿರಿಯರು ದೂರದ ಊರಿನಲ್ಲಿರುವ ಮನೆಗಳಲ್ಲಿ ಹಗಲಿಡೀ ಬೀಗ ತೂಗುತ್ತಿರುವಾಗ, ಕೂಗಿದರೂ ಓಗೊಡುವವರಿರಲಿಲ್ಲ.

ಮನುಷ್ಯನ ಬದಲು ಕಳ್ಳನ ಸುಳಿವು ಕೊಡುವ ಗಂಟೆಯ ಹುಟ್ಟು ಬೇರೆಡೆಯದು. ಅಮೆರಿಕದ ಆಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ ಸಾಧನದಲ್ಲಿ, ಬಾಗಿಲು ತೆರೆದೊಡನೆ ವಿದ್ಯುತ್ ಹರಿದು ಗಂಟೆ ಬಾರಿಸುತ್ತಿತ್ತು. ಆದರೆ ಆ ಸದ್ದೂ ಕೂಗಳತೆಯನ್ನು ಹೆಚ್ಚು ದಾಟಲಿಲ್ಲ. ದಾಟಿಸಿದ್ದು ದೂರವಾಣಿಯ ತಂತಿ. ಬ್ರೂಕ್‌ಫೀಲ್ಡ್‌ಗೆ ಸಮೀಪದ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆಯು ದೇಶಕ್ಕೆಲ್ಲ ದೂರವಾಣಿ ತಯಾರಿಸಿಕೊಟ್ಟಿತು. ಅಂತಹ ದೂರವಾಣಿ ಜಾಲವನ್ನೇ ನೆಚ್ಚಿದ ಸ್ವಯಂ ಕರೆಯಂತ್ರ, ಅಂದರೆ ಬಾಗಿಲು ಮುರಿದಾಗ ಮೊದಲೇ ತುಂಬಿಟ್ಟ ಸಂಖ್ಯೆಗೆ ತಾನೇ ಕರೆ ಮಾಡಿ ಧ್ವನಿಮುದ್ರಿತ ಎಚ್ಚರಿಕೆಯನ್ನು ಕೇಳಿಸುವ ಉಪಕರಣವು, ಮನೆಯ ಹೊರಗೋಡೆಯ ಮೇಲಿನ ತಂತಿಯನ್ನು ಕಳ್ಳನು ಕತ್ತರಿಸಿದರೆ ಮೂಕವಾಗುತ್ತಿತ್ತು.

1995ರಲ್ಲಿ ಭಾರತಕ್ಕೆ ಮೊಬೈಲ್ ಸೇವೆ ಬಂದ ಬಳಿಕ ಈ ಕೊರತೆಗೆ ಪರಿಹಾರ ದೊರೆಯಿತು. ಎಚ್ಚರಿಕೆಯ ಪೆಟ್ಟಿಗೆಯೊಳಗೆ ಸಿಮ್ ಸೇರಿ, ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಯುವ ವ್ಯವಸ್ಥೆಯೂ ಕೂಡಿದ್ದರಿಂದ, ಬಾಗಿಲಿನ ಚೌಕಟ್ಟಿನಲ್ಲಿರುವ ಅಯಸ್ಕಾಂತದ ಸ್ವಿಚ್ಚು ಅಥವಾ ಮೈಶಾಖದಿಂದ ಚಲನೆಯನ್ನು ಗ್ರಹಿಸುವ ಸಂವೇದಕವು ಕೊಟ್ಟ ಸುಳಿವು ಸಂದೇಶವಾಗಿ ಮಾಲೀಕರ ಕೈ ಸೇರತೊಡಗಿತು. ಅದಕ್ಕಿಂತ ದೊಡ್ಡ ಪಲ್ಲಟವೆಂದರೆ ಮಾತು ಎರಡೂ ಕಡೆಯಿಂದ ಸಾಧ್ಯವಾದದ್ದು: ಗುಪ್ತಸಂಖ್ಯೆಯೊಡನೆ ಸಂದೇಶ ಕಳುಹಿಸಿ, ಕಾವಲನ್ನು ಹೂಡಲು, ಸಡಿಲಿಸಲು, ಸೈರನ್ ನಿಲ್ಲಿಸಲು ದೂರದಿಂದಲೇ ಆಜ್ಞೆ ಕೊಡಬಹುದಾಯಿತು. ಬಾಗಿಲನ್ನು ಬೇರೆಡೆಯಿಂದ ನೋಡುವ ಯೋಚನೆಯೂ ಹೊಸದಲ್ಲ: ನ್ಯೂಯಾರ್ಕಿನ ದಾದಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್, ಬಾಗಿಲ ಬಳಿ ನಿಂತವರನ್ನು ಪರದೆಯಲ್ಲಿ ನೋಡಿ ಒಳಗಿನಿಂದಲೇ ಬೀಗ ತೆಗೆಯುವ ವ್ಯವಸ್ಥೆಗೆ 1966ರಲ್ಲಿ ಪೇಟೆಂಟ್ ಕೋರಿದ್ದರು. ಇಂದು ಅದೇ ಕೆಲಸ ಕ್ಯಾಮೆರಾ ಮತ್ತು ಆ್ಯಪ್‌ಗಳಿಂದ ನಡೆಯುತ್ತದೆ.

ಅಂತರ್ಜಾಲದ ಈ ಹೊಸ ದಾರಿ ಹೊಸ ಕನ್ನವನ್ನೂ ತೆರೆಯಿತು. ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬಳಕೆದಾರರು ಬದಲಿಸದೆ ಬಿಟ್ಟ ಕ್ಯಾಮೆರಾಗಳನ್ನು 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಲೋಕದಾದ್ಯಂತ ವಶಪಡಿಸಿಕೊಂಡಿತು.

ಅದೇ 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೈಗೇಟ್ ಎಂಬ ಆ್ಯಪ್, ವಸತಿ ಸಮುಚ್ಚಯದ ಗೇಟಿನಲ್ಲಿ ನಿಂತ ಅತಿಥಿಗೆ ಮನೆಯವರು ಫೋನಿನಿಂದಲೇ ಒಪ್ಪಿಗೆ ಕೊಡುವ ರೂಢಿಯನ್ನು ಹರಡಿತು. ಆದರೂ ಸೂಚನೆ ಬಂದಾಗ ಮೆಟ್ಟಿಲೇರಿ ಬಾಗಿಲನ್ನು ತಟ್ಟಿ ನೋಡುವುದು ಫೋನಿನ ಕೆಲಸವಲ್ಲ. ಸಾವಿರಾರು ಮೈಲಿ ದೂರದಲ್ಲಿರುವ ಮಾಲೀಕರು ಕೊನೆಗೆ ಕರೆ ಮಾಡುವುದು ಗೇಟಿನ ಕಾವಲುಗಾರನಿಗೇ. ತಳವಾರನಂತೆ ಊರಿನ ಪಾಲಾಗಲಿ ಭೂಮಿಯಾಗಲಿ ಇಲ್ಲದ, ಗುತ್ತಿಗೆಯ ಸಂಬಳಕ್ಕೆ ದುಡಿಯುವ ಆತನೇ ಆ ಬಾಗಿಲಿಗೆ ಕೂಗಳತೆಯಲ್ಲಿರುವವನು.